ಮಾಮಾನ ಪಿಸ್ತೂಲಿಗೆ ನಾನು ಹೊಲಿದ ಚೀಲ

ಬಾರದ ಕೆಲಸವನ್ನು ಬರುತ್ತದೆ ಎಂದು ಹೇಳಿಬಿಡುವ ಕೆಟ್ಟ ಚಟ ನನಗೆ ಮೊದಲಿನಿಂದಲೂ ಇದೆ. ಇದೇ ಚಟದಿಂದ ನೆರೆಮನೆಯವರ ಮಿಕ್ಸರ್ ಬಿಚ್ಚಿ, ಜೋಡಿಸಲಾಗದೆ ತಾಟಿನಲ್ಲಿಟ್ಟು ಮರಳಿಸಿದ್ದೇನೆ. ಹೆಂಡತಿಯ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು ಅವಳ ಮದುವೆಯ ಸೀರೆಗೆ ಕಲೆ ಮಾಡಿದ್ದೇನೆ. ಅವೆಲ್ಲ ನೆನಪಾದರೆ ಈಗ ನಗು ಬರುತ್ತದೆ. ಪಿಸ್ತೂಲಿನ ಚೀಲದ ಸಂಗತಿ ಮಾತ್ರ ನಗುವಿನಿಂದ ಶುರುವಾದರೂ ಬೇರೆಲ್ಲೋ ಹೋಗಿ ನಿಲ್ಲುತ್ತದೆ.

ನಾನು ಸಿಂದಗಿಯ ಹೈಸ್ಕೂಲೊಂದರಲ್ಲಿ ಗಣಿತದ ಮಾಸ್ತರ. ನನ್ನ ತಾಯಿಯ ಅಣ್ಣ ಶಂಕರಗೌಡ ಮಾಮಾ ಮೋರಟಗಿಯಲ್ಲಿದ್ದಾರೆ. ಅವರ ಹತ್ತಿರ ಲೈಸೆನ್ಸ್ ಇರುವ ಹಳೆಯ ರಿವಾಲ್ವರ್ ಒಂದಿದೆ. ಮನೆಯವರೆಲ್ಲ ಅದನ್ನು ಪಿಸ್ತೂಲು ಎನ್ನುತ್ತಾರೆ. ಅದು ಈವರೆಗೆ ಹೊಲಕ್ಕೆ ನುಗ್ಗಿದ ಒಂದು ಹಂದಿಯನ್ನೂ ಹೆದರಿಸಿಲ್ಲ. ಮಹಾನವಮಿಯ ಪೂಜೆಯಲ್ಲಿ ಕುಂಕುಮ ಹಚ್ಚಿಸಿಕೊಂಡು ಮತ್ತೆ ಮನೆಯ ಕಬ್ಬಿಣದ ಟ್ರೆಜರಿಗೆ ಸೇರುತ್ತದೆ. ಅದರ ಚರ್ಮದ ಚೀಲವನ್ನು ಇಲಿ ತಿಂದ ಮೇಲೆ, ಮದುವೆ ಕಾರ್ಯಗಳಿಗೆ ಹೋಗುವಾಗ ಮಾಮಾ ಪಿಸ್ತೂಲನ್ನು ಟವೆಲಿನಲ್ಲಿ ಸುತ್ತಿಕೊಂಡು ಒಯ್ಯುತ್ತಿದ್ದರು. ಒಮ್ಮೆ ಇಂಡಿಯಲ್ಲಿ ನಮ್ಮ ಸಂಬಂಧಿಕರ ನಿಶ್ಚಯ ಕಾರ್ಯ. ಊಟದ ಪಂಕ್ತಿಯಲ್ಲಿ ಬೆವೆತ ಮಾಮಾ ಮುಖ ಒರೆಸಿಕೊಳ್ಳಲೆಂದು ಟವೆಲು ಕೊಡವಿದರು. ಪಿಸ್ತೂಲು ಬೀಗರ ತಾಟಿನ ಪಕ್ಕದಲ್ಲಿ ಧೊಪ್ಪನೆ ಬಿತ್ತು. ಗುಂಡು ಇರಲಿಲ್ಲ, ನಿಜ. ಆದರೆ ಹೋಳಿಗೆ ಬಡಿಸುತ್ತಿದ್ದವನು ಬುಟ್ಟಿ ಅಲ್ಲೇ ಬಿಟ್ಟು ಹೋದವನು ಮತ್ತೆ ಬರಲಿಲ್ಲ.

ಮಾಮಾನ ಮುಖ ಸಣ್ಣದಾದದ್ದು ನೋಡಿ ನಾನು ಹೇಳಿಬಿಟ್ಟೆ: "ಚಿಂತಿ ಬಿಡ್ರಿ ಮಾಮಾ. ಚಂದಂದೊಂದು ತೊಗಲಿನ ಚೀಲ ನಾನ ಮಾಡಿಕೊಡ್ತೇನಿ." ಆಗ ನನಗಿದ್ದ ವಿದ್ಯೆಯೆಂದರೆ ಫೋನಿನಲ್ಲಿ ನೋಡಿದ ಎರಡು ವಿಡಿಯೋ.

ಬೇಸಿಗೆ ರಜೆ ಬಂದ ಕೂಡಲೇ ಬಸ್‌ಸ್ಟ್ಯಾಂಡಿನ ಹತ್ತಿರ ಚಪ್ಪಲಿ, ಪಟ್ಟಿ, ಎತ್ತಿನ ಕೊರಳಪಟ್ಟಿ ಮಾಡುವ ರಾಮಣ್ಣನವರ ಅಂಗಡಿಗೆ ಹೋದೆ. ಅರವತ್ತು ದಾಟಿದ ಮನುಷ್ಯ, ಮಾತು ಕಡಿಮೆ. "ನೀವು ಕಲೀತೀರಿ?" ಎಂದು ಎರಡು ಸಲ ಕೇಳಿದರು. ಆಮೇಲೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟು, ತೂತು ಹಾಕುವ ಆರಿಯೊಂದನ್ನು ನನ್ನ ಕೈಗಿತ್ತರು. ಮೊದಲ ದಿನವೇ ಅದು ಚರ್ಮಕ್ಕಿಂತ ಹೆಚ್ಚು ಸಲ ನನ್ನ ಹೆಬ್ಬೆರಳಿಗೆ ಚುಚ್ಚಿತು. ನನ್ನ ಹೊಲಿಗೆ ನೋಡಿ ಅವರು, "ಇದು ಹಾವು ಹರದಂಗ ಆಗೇತ್ರಿ ಸರ, ಬಿಚ್ರಿ" ಎನ್ನುತ್ತಿದ್ದರು. ಮೂವತ್ತು ವರ್ಷ ಬೇರೆಯವರ ಲೆಕ್ಕಕ್ಕೆ ಕೆಂಪು ಗೆರೆ ಎಳೆದವನು ನಾನು, ಬಿಚ್ಚುತ್ತ ಕುಳಿತೆ. ಹಾಗೆ ಕುಳಿತ ಆ ಹದಿನೈದು ದಿನಗಳಷ್ಟು ಸುಖವಾದ ರಜೆ ನನಗೆ ನೆನಪಿಲ್ಲ.

ಪಿಸ್ತೂಲನ್ನು ಅಂಗಡಿಗೆ ತರುವಂತಿರಲಿಲ್ಲ. ಮಾಮಾನ ಮನೆಯಲ್ಲೇ ಅದನ್ನು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದುಕೊಂಡು ಬಂದೆ. ರಾಮಣ್ಣನವರು ಕಾಗದ ತಿರುಗಿಸಿ ನೋಡಿ ಹೇಳಿದರು: "ಇದು ಅಗಲ ಆತು. ದಪ್ಪ ಎಲ್ಲೈತಿ? ಬಡಿಗ್ಯಾರ ಕಡೆ ಇಂಥದ್ದ ಒಂದ ಕಟಗೀದು ಮಾಡಸ್ರಿ. ತೊಗಲ ತೋಯಿಸಿ ಅದರ ಮ್ಯಾಲೆ ಕೂಡಸಬೇಕು. ನೆಳ್ಳಾಗ ಎರಡ ದಿನ ಒಣಗಲಿ. ಬಿಸಲಿಗೆ ಇಡಬ್ಯಾಡ್ರಿ."

ಕಟ್ಟಿಗೆಯದೇಕೆ, ದಪ್ಪವನ್ನು ಲೆಕ್ಕ ಹಾಕಿದರಾಯಿತು ಎಂದುಕೊಂಡೆ. ಲೆಕ್ಕ ಹಾಕಿ, ಮನೆಯಲ್ಲೇ ಹೊಲಿದು, ತೋಯಿಸಿಟ್ಟೆ. ಅಷ್ಟರಲ್ಲಿ ಮಾಮಾನ ಫೋನು: "ಎಲೆಕ್ಷನ್ ಬಂತಲ್ಲೋ, ಪಿಸ್ತೂಲು ಠಾಣೆದಾಗ ಇಡಬೇಕಂತ. ನಾಳಿ ಹೊಂಟೇನಿ. ಹೊಸ ಚೀಲದಾಗ ಒಯ್ದರ ಮಂದಿ ನೋಡ್ತಾರ." ನಾನು ಚೀಲವನ್ನು ಮಾಳಿಗೆಯ ಮೇಲೆ ಸಿಂದಗಿಯ ಬಿಸಿಲಿಗೆ ಒಡ್ಡಿದೆ. ಸಂಜೆಗೆ ಅದು ಹಪ್ಪಳದಂತೆ ಗಟ್ಟಿಯಾಗಿ, ಒಂದು ಬೆರಳಿನಗಲ ಕುಗ್ಗಿತ್ತು. ಮರುದಿನ ಬೆಳಿಗ್ಗೆ ಮೋರಟಗಿಯಲ್ಲಿ ಕೊಬ್ಬರಿ ಎಣ್ಣೆ ಸವರಿ, ಇಬ್ಬರೂ ಸೇರಿ ಒತ್ತಿದಾಗ ಪಿಸ್ತೂಲು ಒಳಗೆ ಹೋಯಿತು. "ಭಾರೀ ಬಿಗಿ ಐತಿ, ಬೀಳೂದಿಲ್ಲ!" ಎಂದು ಮಾಮಾ ಹಿಗ್ಗಿದರು.

ಠಾಣೆಗೆ ನಾನೂ ಜೊತೆಗೆ ಹೋದೆ. ಅಲ್ಲಿ ಸಾಹೇಬರು, "ಹೊರಗ ತಗೀರಿ ಗೌಡ್ರ, ನಂಬರ್ ನೋಡಬೇಕು" ಎಂದರು. ಮಾಮಾ ಎಳೆದರು. ಬರಲಿಲ್ಲ. ಗುಂಡಿಲ್ಲವೆಂದು ಸಾಹೇಬರು ಮೂರು ಸಲ ಆಣೆ ಮಾಡಿಸಿಕೊಂಡು, ಪಿಸ್ತೂಲಿನ ಮೂತಿಯನ್ನು ಗೋಡೆಯ ಕಡೆ ತಿರುಗಿಸಿದರು. ಪೇದೆಯೊಬ್ಬ ಚೀಲ ಹಿಡಿದ, ಮಾಮಾ ಹಿಡಿಕೆ ಹಿಡಿದರು. ಪೇದೆ ಜಾರಿ ಬಂದ, ಪಿಸ್ತೂಲು ಬರಲಿಲ್ಲ. ಕಡೆಗೆ ಕತ್ತರಿ ತರಿಸಿದರು. "ಕಳ್ಳ ಬಂದ್ರ ಅವಗ ಕತ್ರಿ ತಗೊಂಡ ಬಾ ಅಂತೀರೇನ್ರಿ ಗೌಡ್ರ?" ಎಂದರು ಸಾಹೇಬರು. ಇಡೀ ಠಾಣೆ ನಕ್ಕಿತು.

ಮಾಮಾ ನಗಲಿಲ್ಲ. ನನ್ನ ಕಡೆ ತಿರುಗಿ, "ನೀನ ಹೊಲದದ್ದೇನೋ ಇದು?" ಎಂದರು.

ಒಂದು ಮಾತು ಸಾಕಿತ್ತು. ಆದರೆ ಎಲ್ಲರೂ ನೋಡುತ್ತಿದ್ದರು. "ನಾ ಅಳತಿ ಅಷ್ಟ ಕೊಟ್ಟಿದ್ದೆ ಮಾಮಾ. ಹೊಲದಾಂವ ಬಸ್‌ಸ್ಟ್ಯಾಂಡ್ ಹತ್ರದ ಆ ರಾಮಣ್ಣ" ಎಂದೆ. ಹದಿನೈದು ದಿನ 'ರಾಮಣ್ಣನವರೇ' ಎನ್ನುತ್ತಿದ್ದ ನಾಲಿಗೆಗೆ 'ಆ ರಾಮಣ್ಣ' ಎನ್ನಲು ಒಂದು ಗಳಿಗೆಯೂ ಬೇಕಾಗಲಿಲ್ಲ.

ಎರಡು ದಿನ ಬಿಟ್ಟು ಏನೂ ಆಗಿಲ್ಲವೆಂಬಂತೆ ಅಂಗಡಿಗೆ ಹೋದೆ. ಅವರು ತಲೆ ಎತ್ತದೆ ಹೇಳಿದರು: "ನಿಮ್ಮ ಮಾಮಾರು ಬಂದಿದ್ರು. ನಾಕ ಮಂದಿ ಎದರಿಗೆ ಬೈದ ಹೋದ್ರು."

"ನೀವು... ಏನಂದ್ರಿ?"

"ತಪ್ಪಾತ್ರಿ ಅಂದೆ. ಹೊಲದವ್ರು ಮಾಸ್ತರ್ರು ಅಂದ್ರ ಯಾರ ನಂಬ್ತಾರ್ರಿ? ನಿಮ್ಮ ಮಾತ ನಿಂದರತೈತಿ. ನಂದ ನಿಂದರೂದಿಲ್ಲ." ಚಪ್ಪಲಿಯೊಂದನ್ನು ಕೈಗೆತ್ತಿಕೊಂಡು, "ಆ ಆರಿ ಇಲ್ಲಿಟ್ಟ ಹೋಗ್ರಿ ಸರ" ಎಂದರು.

ಆರಿ ಇಟ್ಟು ನೇರ ಮೋರಟಗಿಯ ಬಸ್ಸು ಹತ್ತಿದೆ. ಎಲ್ಲ ಕೇಳಿದ ಮಾಮಾ ಬೈಯಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. "ನನ್ನ ಮಾನ ಹೋದ್ರ ಹೋಗ್ಲಿ. ಅಂಥಾ ಹಿರ್ಯಾನ್ನ ಮಂದ್ಯಾಗ ಬೈಯ್ಯೂ ಹಂಗ ಮಾಡಿದೆಲ್ಲೋ. ಏಳು, ನಡಿ" ಎಂದು ನನ್ನನ್ನು ಮರಳಿ ಕರೆತಂದರು. ಅಂಗಡಿಯ ಮುಂದೆ ನಿಂತು ಗಟ್ಟಿಯಾಗಿ ಹೇಳಿದರು: "ರಾಮಣ್ಣ, ನನ್ನ ತಪ್ಪು. ಅದನ್ನ ಹೊಲದಾವ ಇಂವಾ."

"ಗೊತ್ತೈತ್ರಿ ಗೌಡ್ರ" ಎಂದರು ರಾಮಣ್ಣನವರು. "ಹೊಲಿಗಿ ನೋಡಿದ್ರ ಯಾರಿಗರ ತಿಳೀತೈತಿ."

ಪಕ್ಕದ ಚಹಾದಂಗಡಿಯಲ್ಲಿ ಕುಳಿತವರೆಲ್ಲ ನಕ್ಕರು. ಮಾಮಾ ಕೂಡ ನಕ್ಕರು. ಈಗ ಮಾಮಾನ ಪಿಸ್ತೂಲಿಗೆ ರಾಮಣ್ಣನವರೇ ಮಾಡಿದ ಚೀಲವಿದೆ. ಆದರೆ ಅಂದು ಬೈಗುಳ ಕೇಳಿದ ನಾಲ್ವರಲ್ಲಿ ಇಬ್ಬರು ಮಾಮಾ ತಪ್ಪೊಪ್ಪಿಕೊಂಡ ದಿನ ಅಲ್ಲಿರಲಿಲ್ಲವಂತೆ. ಪರ ಊರಿನ ಗಿರಾಕಿಗಳು, ಮತ್ತೆ ಆ ಕಡೆ ಬಂದಿಲ್ಲ. ಅವರ ಲೆಕ್ಕದಲ್ಲಿ ಕೆಟ್ಟ ಕೆಲಸಗಾರ ಇನ್ನೂ ರಾಮಣ್ಣನವರೇ. ಅದನ್ನು ತಿದ್ದುವ ದಾರಿ ನನಗೆ ಗೊತ್ತಿಲ್ಲ.

ತಿಂಗಳ ಮೇಲೆ ರಾಮಣ್ಣನವರು ತಾವೇ ಕರೆದು ಆರಿ ಕೊಟ್ಟರು. ಒಂದೇ ಕರಾರು: ಏನು ಮಾಡಿದರೂ ಒಳಗಡೆ ನನ್ನ ಹೆಸರು ಬರೆಯಬೇಕು. ಮೊನ್ನೆ ಹೆಂಡತಿಗೆ ಅವಳ ಓದುವ ಚಾಳೀಸಿನ ಚೀಲವೊಂದನ್ನು ಹೊಲಿದು, ಹೆಸರು ಬರೆದು ಕೊಟ್ಟೆ. ಅವಳು ಹಿಂದೆ ಮುಂದೆ ತಿರುಗಿಸಿ ನೋಡಿ, ಬಹಳ ಯೋಚಿಸಿ ಹೇಳಿದಳು: "ಅಕ್ಷರ ಮಾತ್ರ ಚಂದ ಬಂದಾವ್ರಿ."