ಮಾಮನ ಕೌಂಟಿ, ಮಾಮನ ಬೆರಳು

ನನ್ನ ಗಂಡನ ಸೋದರಮಾವನಿಗೆ ತಮ್ಮ ಮದುವೆಯ ತಾರೀಖು ನೆನಪಿರುವುದಿಲ್ಲ. ಆದರೆ ಇಲಿನಾಯ್‌ನ ಒಂದು ಹಳ್ಳಿಗಾಡಿನ ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ಯಾವ ಚುನಾವಣೆಯಲ್ಲಿ ಯಾವ ಅಧ್ಯಕ್ಷರಿಗೆ ವೋಟು ಹಾಕಿತ್ತು ಎಂಬುದು ಮಗ್ಗಿಯ ಹಾಗೆ ಬಾಯಿಪಾಠ! ಗದಗಿನ ಕಡೆಯ ಮನುಷ್ಯನಿಗೆ ಇದೇಕೆ ಬೇಕಿತ್ತು ಎನ್ನುತ್ತೀರಾ? ನಾವೂ ಕೇಳಿ ಸುಸ್ತಾಗಿದ್ದೇವೆ.

ಟ್ರ್ಯಾಕ್ಟರ್ ಎಂಜಿನಿಯರಾಗಿದ್ದ ಮಾಮ ಕೆಲಸದ ಮೇಲೆ ಅಲ್ಲಿಗೆ ಹೋದಾಗಲೆಲ್ಲ ರೈತರ ಜೊತೆ ಚುನಾವಣೆಯ ಹರಟೆ ಹೊಡೆದು, ಕೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಆ ಜನ ತಲೆಮಾರುಗಳಿಂದ ಒಂದೇ ಪಕ್ಷದವರು. ಒಂದೇ ಒಂದು ಸಲ ಇನ್ನೊಂದು ಪಕ್ಷ ಗೆದ್ದಿತ್ತಂತೆ. ಆ 'ಒಂದು ಸಲ'ದ ಪುರಾಣವನ್ನು ಮಾಮ ನಮ್ಮ ಮನೆಯ ಸತ್ಯನಾರಾಯಣ ಪೂಜೆಯಲ್ಲಿ, ಮೂರನೆಯ ಅಧ್ಯಾಯದ ನಡುವೆಯೇ ಶುರು ಮಾಡಿದರು. ಪುರೋಹಿತರು ತಮ್ಮ ಕಥೆ ನಿಲ್ಲಿಸಿ, "ಆಮೇಲೇನಾಯ್ತು ಅಂಕಲ್?" ಎಂದರು!

ರಿಟೈರಾದ ಮೇಲೆ, ಅಷ್ಟು ವರ್ಷ ವಾಸವಿದ್ದ ಲೈಲ್ ಪಟ್ಟಣದ ಮನೆ ಮಾರಿ ಅದೇ ಕೌಂಟಿಗೆ ಹೋಗಿ ಕೂತರು. ಸುತ್ತಲೂ ಬರೀ ಗೋವಿನಜೋಳ.

"ಕೊತ್ತಂಬರಿಗೆ ಅರೋರಾ ತನಕ ಡ್ರೈವ್ ಮಾಡಬೇಕಲ್ಲರೀ!" ಎಂದು ಮಾಮನ ಹೆಂಡತಿ, ನಮ್ಮ ಅತ್ತೆ, ತಲೆ ಚಚ್ಚಿಕೊಂಡರು.

"ಅಲ್ಲೆ ವೋಟು ಹಾಕಿದ್ರ ಸಮುದ್ರಕ್ಕ ಉಪ್ಪು ಹಾಕಿದಂಗ. ಇಲ್ಲೆ ಸಾರಿಗೆ ಹಾಕಿದಂಗ, ರುಚಿ ತಿಳೀತದ!" ಎಂದರು ಮಾಮ.

ತಮಾಷೆಯೆಂದರೆ ಮಾಮನಿಗೆ ಆಗ ವೋಟೇ ಇರಲಿಲ್ಲ! ಭಾರತದ ಪಾಸ್‌ಪೋರ್ಟ್ ಬಿಡಲು ಮನಸ್ಸಾಗದೆ ಸಿಟಿಜನ್‌ಶಿಪ್ಪಿನ ಅರ್ಜಿ ತುಂಬುವುದು, ಮತ್ತೆ ಕಪಾಟಿಗೆ ಸೇರಿಸುವುದು, ಇಷ್ಟರಲ್ಲೇ ಮೂವತ್ತು ವರ್ಷ ಕಳೆದಿತ್ತು. "ಈ ನೋಟ್‌ಬುಕ್ಕಿನಾಗ ಇಡೀ ಊರು ಅದ. ನಾನೊಬ್ಬನ ಇಲ್ಲ ನೋಡವಾ" ಎಂದು ಒಮ್ಮೆ ನನ್ನೆದುರು ಸಣ್ಣಗೆ ಅಂದರು. ಮರುವಾರವೇ ಅರ್ಜಿ ಹೋಯಿತು.

ಕೊನೆಗೂ ಮೊದಲ ವೋಟಿನ ದಿನ ಬಂತು. ಕಾರು ಓಡಿಸಿದವಳು ನಾನು. ಮಾಮ ಸೂಟು ಹಾಕಿಕೊಂಡು, ಮತಪತ್ರವನ್ನು ಮಷಿನ್ನಿಗೆ ನೈವೇದ್ಯದ ಹಾಗೆ ಅರ್ಪಿಸಿ, ಮತಗಟ್ಟೆಯ ಮೇಜಿನ ಹಿಂದೆ ಕೂತಿದ್ದ ಅಜ್ಜಿಯ ಮುಂದೆ ಎಡಗೈಯ ತೋರುಬೆರಳು ಚಾಚಿ ನಿಂತರು. ಆಕೆ ಬೆರಳನ್ನು ಹಿಂದೆ ಮುಂದೆ ನೋಡಿ, ಪಾಪ, ಚೀಲದಿಂದ ಬ್ಯಾಂಡ್‌ಏಡ್ ತೆಗೆದರು!

"ಗಾಯ ಅಲ್ಲ ಮೇಡಂ! ಇಂಕ್! ಇಂಕ್!"

ನಮ್ಮಲ್ಲಿ ವೋಟು ಹಾಕಿದವರ ಬೆರಳಿಗೆ ಶಾಯಿ ಹಚ್ಚುತ್ತಾರೆಂದು ನಾನು ವಿವರಿಸಿದೆ. ಆಕೆ ನಕ್ಕು, ತಮ್ಮ ಪೆನ್ನು ತೆಗೆದು, ಮಾಮನ ಉಗುರಿನ ಮೇಲೆ ಜೋಪಾನವಾಗಿ ಒಂದು ಗೆರೆ ಎಳೆದರು. ಮೂರು ದಿನ ಮಾಮ ಆ ಬೆರಳಿಗೆ ನೀರು ಸೋಕಿಸಲಿಲ್ಲ. ಎಡಗೈ ಬೆರಳು, ಹೇಗೆ ನಿಭಾಯಿಸಿದರು ಎಂದು ಮಾತ್ರ ಕೇಳಬೇಡಿ!

ಫಲಿತಾಂಶ? ಕೌಂಟಿ ಎಂದಿನ ಪಕ್ಷಕ್ಕೇ ಒಲಿಯಿತು. ಮಾಮನ ಅಭ್ಯರ್ಥಿ ಅಲ್ಲಿ ಹೀನಾಯವಾಗಿ ಸೋತರು. ಸಮಾಧಾನ ಹೇಳೋಣವೆಂದು ಹೋದರೆ ಮಾಮ ಮದುಮಗನ ಹಾಗೆ ಬೀಗುತ್ತಿದ್ದರು. "ಸೋತ್ರೇನಾತವಾ, ಇಲ್ಲೆ ನೋಡು" ಎಂದು ನೋಟ್‌ಬುಕ್ ಬಿಚ್ಚಿದರು.

ಏನಾದರೂ ಕೀಟಲೆ ಮಾಡೋಣವೆಂದು ಬಗ್ಗಿ ನೋಡಿದೆ. ಸೋತವರಿಗೆ ಬಿದ್ದ ವೋಟಿನ ಸಂಖ್ಯೆಯ ಪಕ್ಕದಲ್ಲಿ ಮಾಮ ದುಂಡಗೆ ಬರೆದಿದ್ದರು: 'ಇದರಾಗ ನಾನೂ ಅದೀನಿ.'