ಕಾಕಾ ದೀಪ ಹಚ್ಚಿ ಮನೆ ಮಾರಿದ್ದು

ಸೂರ್ಯನಿಗೆ ಬೆಳಗಲು ಸರಿಯಾಗಿ ಬರುವುದಿಲ್ಲ ಎಂದು ನಂಬಿದ್ದ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ. ಅವನು ನಮ್ಮ ಕಾಕಾ, ಅಪ್ಪನ ತಮ್ಮ. ಹರೆಯದಲ್ಲಿ ಯಾವುದೋ ನಾಟಕ ಕಂಪನಿಯಲ್ಲಿ ಒಂದು ಮಳೆಗಾಲ ದೀಪ ಹಿಡಿದಿದ್ದನಂತೆ. ಹಿಡಿದದ್ದು ದೀಪವೋ, ದೀಪದ ವೈರೋ, ನೋಡಿದವರು ಯಾರೂ ಸಿಕ್ಕಿಲ್ಲ. ಅಂದಿನಿಂದ ಬೆಳಕಿನ ಬಗ್ಗೆ ಮಾತಾಡುವ ಹಕ್ಕು ಮಾತ್ರ ತನ್ನೊಬ್ಬನದೇ ಎಂದು ತಿಳಿದಿದ್ದ. ಮದುವೆಗೆ ಹೋದರೆ ಅಕ್ಷತೆ ಹಾಕುವ ಮೊದಲೇ ತಲೆಯೆತ್ತಿ ಬಲ್ಬು ನೋಡುವನು. "ಛೇ! ಮದುಮಗನ ಮಾರಿ ಬೆಳಗೂದು ಬಿಟ್ಟು ಅಡಗಿಯಂವನ ಹೊಟ್ಟಿ ಬೆಳಗಾಕತ್ತೈತಿ!"

ಇಂಥ ಮಹಾಶಯನಿಗೆ ಇದ್ದದ್ದು ಬೆಟಗೇರಿಯಲ್ಲೇ ಅತಿ ಕತ್ತಲೆಯ ಮನೆ! ಕಿರಿದಾದ ಓಣಿ, ಎದುರಿಗೆ ಯಾರದೋ ಎತ್ತರದ ಗೋಡೆ. ಕಿಟಕಿಯೋ, ಬೆಕ್ಕು ಕೂಡ ನುಗ್ಗಲು ಎರಡು ಸಲ ಯೋಚಿಸಬೇಕು. ಎಪ್ಪತ್ತರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ, ಇದ್ದಕ್ಕಿದ್ದಂತೆ, ಈ ಮನೆ ಮಾರುತ್ತೇನೆ ಎಂದ. ಅದೂ ಸಂಜೆ ಬೇಗ ಕತ್ತಲಾಗುವ ಕಾಲದಲ್ಲಿ! ನಾನಾಗ ಗದಗಿನ ಕಾಲೇಜಿನಲ್ಲಿ ಓದುತ್ತಿದ್ದೆ. ಆಗಾಗ ಸೈಕಲ್ ತುಳಿದು ಬಂದು ಇವನ ಮಾತು ಕೇಳುವುದು ನನ್ನ ಹಣೆಬರಹ.

"ಬ್ಯಾಸಗಿತನಾ ತಡಿ ಕಾಕಾ" ಎಂದೆ.

"ತಡಿಯಾಕ ಆಗೂದಿಲ್ಲ. ಮನಿ ಮಾರೂದಂದ್ರ ಏನಂತ ತಿಳದೀಲೇ? ಬೆಳಕ ಮಾರೂದು! ಮನಿ ಅದರ ಜೋಡಿ ಪುಕ್ಕಟ."

ಮೊದಲು ಬಂದವಳು ಮುಳಗುಂದದ ಒಬ್ಬ ಅಜ್ಜಿ, ಮಗನೊಂದಿಗೆ. ಚಳಿಯಲ್ಲಿ ಬಂದವರಿಗೆ ಬೆಚ್ಚನೆಯ ಬೆಳಕು ಬೇಕು ಎಂಬುದು ಕಾಕಾನ ಸಂಶೋಧನೆ. ಇದ್ದಬದ್ದ ಬಲ್ಬಿಗೆಲ್ಲ ಹಳದಿ ಜಿಲೇಟಿನ್ ಹಾಳೆ ಸುತ್ತಿಟ್ಟಿದ್ದ. ಮನೆಗೆ ಮನೆಯೇ ಅರಿಶಿನ ನೀರಿನಲ್ಲಿ ಅದ್ದಿ ತೆಗೆದ ಹಾಗಿತ್ತು. ಅಜ್ಜಿ ಕಾಕಾನ ಮುಖ ನೋಡಿದಳು, ಚಹಾ ತಂದ ಅವನ ಹೆಂಡತಿ, ನಮ್ಮ ಕಾಕುವಿನ ಮುಖ ನೋಡಿದಳು, ನನ್ನದನ್ನೂ ನೋಡಿದಳು.

"ಎಲ್ಲಾರಿಗೂ ಕಾಮಾಲಿ ಆಗೈತೇನ್ರೀ?"

"ಏ, ಇಲ್ರೀ ಅಮ್ಮಾ! ಇದು ಬೆಳಕಿನ ಕಳಾರೀ!"

"ಇಲ್ಲೀ ನೀರ ಚಲೋ ಇಲ್ಲ, ಏಳೋ ತಮ್ಮಾ" ಎಂದು ಅಜ್ಜಿ ಮಗನನ್ನು ಎಬ್ಬಿಸಿಕೊಂಡು ಹೊರಟೇಬಿಟ್ಟಳು. ಚಹಾ ಸಹ ಮುಟ್ಟಲಿಲ್ಲ!

ಕಾಕಾ ಸೋತನೆ? ಸೋಲಲು ಮೊದಲು ಬುದ್ಧಿ ಬೇಕಲ್ಲ! ಮುಂದಿನ ಗಿರಾಕಿ ಮುಂಡರಗಿಯ ಕಾಳಿನ ವ್ಯಾಪಾರಿ. ಆತ ಹಗಲಿನಲ್ಲೇ ಬಂದ. ಕಾಕಾ ಕಪಾಟಿನ ಕನ್ನಡಿ ಕಿತ್ತು ನನ್ನ ಕೈಗೆ ಕೊಟ್ಟು ಮಾಳಿಗೆ ಹತ್ತಿಸಿದ. ನಾನು ಬೆಳಕಿಂಡಿಯ ಮೂಲಕ ಬಿಸಿಲನ್ನು ನಡುಮನೆಗೆ ಇಳಿಸಬೇಕು! ಕನ್ನಡಿಯೋ ಹೆಣಭಾರ. ಬಿಸಿಲು ಹೋಗಿ ವ್ಯಾಪಾರಿಯ ಬೋಳುತಲೆಯ ಮೇಲೆ ಕುಳಿತಿತು. ಆತ ಸರಿದ, ಅದೂ ಸರಿಯಿತು. ಗಾಬರಿಯಲ್ಲಿ ಕನ್ನಡಿ ಹೊರಳಿಸಿದೆ. ಬೆಳಕು ಜಿಗಿದು ಹಿಂದಿನ ಗೋಡೆಗೆ ಬಡಿದು, ಮೇಲಿನಿಂದ ಕೆಳಗಿನವರೆಗೆ ಸೀಳಿದ್ದ ಒಂದು ಗೆರೆಯನ್ನು ಝಗ್ಗನೆ ತೋರಿಸಿತು. ಆ ಕತ್ತಲೆಯಲ್ಲಿ ಅದನ್ನು ಕಾಕಾನೂ ನೋಡಿರಲಿಲ್ಲ!

"ಹೆಂಗೈತ್ರೀ ಬೆಳಕು?" ಎಂದ ಕಾಕಾ.

"ಬೆಳಕಲ್ರೀ ಅದು, ಬಿರುಕು!" ಎಂದು ವ್ಯಾಪಾರಿ ಟೊಪಿಗೆ ಹಾಕಿಕೊಂಡು ನಡೆದ.

ಮೂರನೆಯವನು ಲಕ್ಷ್ಮೇಶ್ವರದ ಒಬ್ಬ ಫೋಟೋಗ್ರಾಫರ್. ಬೆಟಗೇರಿಯಲ್ಲಿ ಸ್ಟುಡಿಯೋ ತೆರೆಯಬೇಕೆಂದಿದ್ದ. ಈ ಸಲ ಕಾಕಾ ಹಾಳೆ, ಕನ್ನಡಿ ಎಲ್ಲ ಬಿಟ್ಟು, ಪೇಟೆಯಲ್ಲಿ ಸಿಕ್ಕ ಅತಿ ದೊಡ್ಡ ಬಲ್ಬುಗಳನ್ನು ತಂದು ದೇವರ ಗೂಡಿನಿಂದ ಬಚ್ಚಲಿನವರೆಗೆ ತೂಗಿಬಿಟ್ಟಿದ್ದ. ಒಳಗೆ ಬಂದವನು ಕಣ್ಣಿಗೆ ಕೈ ಅಡ್ಡ ಹಿಡಿದ.

"ನನಗ ಕತ್ತಲಿ ಕೋಣಿ ಬೇಕಾಗಿತ್ರೀ. ಫೋಟೋ ತೊಳಿಯಾಕ."

"ಕತ್ತಲಿ? ನಮ್ಮನ್ಯಾಗ?" ಕಾಕಾ ಎದೆಯುಬ್ಬಿಸಿದ. "ಹುಡುಕಿದ್ರೂ ಸಿಗೂದಿಲ್ರೀ!"

ನಾನು ಹಿಂದಿನಿಂದ ಕಣ್ಸನ್ನೆ ಮಾಡಿದೆ. ತಿಳಿದರೆ ಅವನು ನಮ್ಮ ಕಾಕಾ ಹೇಗಾದಾನು? "ಕಣ್ಣಾಗ ಕಸ ಬಿತ್ತೇನಲೇ?" ಎಂದ. ಗಿರಾಕಿ ಬೇಸರದಿಂದ ಚಪ್ಪಲಿ ಮೆಟ್ಟುತ್ತಿರುವಾಗ, ಅಷ್ಟು ಬಲ್ಬುಗಳ ಭಾರ ತಾಳದೆ ಫ್ಯೂಸ್ ಟಪ್ಪೆಂದಿತು. ಹೊರಗೆ ಇನ್ನೂ ಸಂಜೆಯ ಬೆಳಕು, ಒಳಗೆ ಗವ್ವೆನ್ನುವ ಕತ್ತಲೆ.

"ಅಬ್ಬಬ್ಬಾ! ಎಂಥಾ ಕತ್ತಲಿರೀ!" ಎಂದು ಆನಂದದಿಂದ ಉದ್ಗರಿಸಿದ ಫೋಟೋಗ್ರಾಫರ್. "ಮೊದಲ ಹೇಳಬಾರದೇನ್ರೀ? ನನಗ ಈ ಮನೀನ ಬೇಕು!"

ಬೆಳಕಿನ ಪಂಡಿತನ ಮನೆ ಕತ್ತಲೆಗೆ ಮಾರಾಟವಾಯಿತು! ನಾನು ಬಾಯಿಗೆ ಕೈ ಒತ್ತಿ ನಗು ತಡೆದುಕೊಂಡೆ. ಅಷ್ಟರಲ್ಲಿ ಆತ, "ಅಲ್ರೀ, ಇದನ್ಯಾಕ ಮಾರಾಕತ್ತೀರಿ?" ಎಂದು ಕೇಳಿದ. ಇನ್ನೊಂದು ಬಡಾಯಿ ಬರುತ್ತದೆಂದು ನಾನು ಕಾದೆ. ಕಾಕಾ ದನಿ ತಗ್ಗಿಸಿದ.

"ನನ್ನ ಹೇಂತಿ ಕಣ್ಣು ಹೊಂಟಾವ್ರೀ. ಇನ್ನ ಏನೂ ಮಾಡಾಕ ಬರೂದಿಲ್ಲ ಅಂದ್ರು ಡಾಕ್ಟರು. ಈಗ ಚೂರು ಕಾಣತೈತಿ. ಕಾಣೂತನಾ ಆಕಿ ಬಿಸಿಲ ಬೀಳೂ ಮನ್ಯಾಗ ಇರಲಿ ಅಂತ."

ಆ ಮನೆಯಲ್ಲಿ ಎಲ್ಲರೂ ಗೋಡೆ ತಡವಿಯೇ ನಡೆಯುತ್ತಿದ್ದೆವು. ಹಾಗಾಗಿ ಕಾಕು ತಡವುತ್ತಿದ್ದದ್ದು ಕಾಕಾನ ಹೊರತು ಯಾರಿಗೂ ತಿಳಿದಿರಲಿಲ್ಲ. ನನ್ನ ನಗು ಎಲ್ಲಿ ಹೋಯಿತೋ.

ಅವರು ಕಳಸಾಪುರದ ದಾರಿಯಲ್ಲಿ ಒಂದು ಸಣ್ಣ ಮನೆಗೆ ಹೋದರು. ಪೂರ್ವಕ್ಕೆ ಬಾಗಿಲು, ಮುಂದೆ ಬರೀ ಬಯಲು. ಒಂದು ಬೆಳಿಗ್ಗೆ ನಾನು ಹೋದಾಗ ಕಾಕು ಕಟ್ಟೆಯ ಮೇಲೆ ಎಳೆಬಿಸಿಲಿಗೆ ಕುಳಿತಿದ್ದಳು. ಬಳೆ ತೊಟ್ಟ ಕೈಯನ್ನು ಕಣ್ಣಿನ ಹತ್ತಿರ ತಂದು, ಹೊರಳಿಸಿ ಹೊರಳಿಸಿ ನೋಡಿದಳು.

"ಬಳಿ ಹಸರು ಅದಾವಲ್ರಿ?"

"ಹೂಂ, ಹಸರ ಅದಾವು" ಎಂದ ಕಾಕಾ. ತನ್ನ ನೆರಳು ಅವಳ ಮೇಲೆ ಬೀಳದ ಹಾಗೆ ಮೆಲ್ಲಗೆ ಆಚೆಗೆ ಸರಿದು ಕುಳಿತ.