ಅಣಬೆಗೆ ಮೂವರು ಯಜಮಾನರು

ಒಂದೊಂದೇ ಅಣಬೆಯನ್ನು ಅಂಗೈಯಲ್ಲಿಟ್ಟುಕೊಂಡು, ಮಗುವಿನ ಮೂಗು ಒರೆಸುವಷ್ಟು ಮೆತ್ತಗೆ ಒಣಬಟ್ಟೆಯಿಂದ ಮಣ್ಣು ಒರೆಸಿ, ಅವಳು ಕಾಗದದ ಚೀಲಕ್ಕೆ ಹಾಕುತ್ತಿದ್ದಳು. ಬೆಳಗ್ಗೆ ಮಾರುಕಟ್ಟೆಯಿಂದ ತಂದವು. ಬೆಳ್ಳಗೆ, ಬಿಗಿಯಾಗಿ ಇದ್ದವು. ಬೀದಿ ತಿರುವಿನ ಬೇಕರಿಯವಳು ಸಂಜೆ ಬರುವವಳಿದ್ದಳು, ವಿನಿಗರ್‌ನಲ್ಲಿ ಹಾಕಿಟ್ಟ ಅಣಬೆಯ ರುಚಿ ನೋಡಲು. ಒಪ್ಪಿಗೆಯಾದರೆ ವಾರವಾರವೂ ಇವಳಿಂದಲೇ ತರಿಸಿಕೊಳ್ಳುತ್ತಾಳೆ. ಇದು ತನ್ನದು ಎಂದು ಹೇಳಿಕೊಳ್ಳಬಹುದಾದ ಕೆಲಸವೊಂದು ಮದುವೆಯಾದ ಮೇಲೆ ಕೈಗೆ ಬಂದದ್ದು ಇದೇ ಮೊದಲು. ಮನೆಯವರ ಊಟ ಮುಗಿಯುವ ತನಕ ಒಲೆಗೆ ಬಿಡುವಿಲ್ಲ. ಅಲ್ಲಿಯವರೆಗೆ ಅಣಬೆ ಬೆವರದಿರಲೆಂದು ಚೀಲದ ಬಾಯನ್ನು ಸಡಿಲವಾಗಿ ಮಡಿಸಿ ಫ್ರಿಜ್ಜಿನಲ್ಲಿಟ್ಟಳು.

ಆದರೆ ಅಂದು ರಜೆ. ಎಲ್ಲರೂ ಮನೆಯಲ್ಲೇ ಇದ್ದರು. ಎಡವಟ್ಟಾದದ್ದೇ ಅಲ್ಲಿ.

ಹಿತ್ತಲಲ್ಲಿ ಬಟ್ಟೆ ಹರವಿ ಬರುವಷ್ಟರಲ್ಲಿ ಅಣಬೆಗಳು ಬಕೆಟ್ಟಿನಲ್ಲಿ ಈಜುತ್ತಿದ್ದವು. ಅತ್ತೆ ತೋಳು ಮೇಲೇರಿಸಿ ಕೂತು, ಎಳೆಗೂಸಿಗೆ ಎರೆಯುವವರಂತೆ ಉಜ್ಜುತ್ತಿದ್ದರು.

"ತೊಳೀದೆ ಹಾಗೇ ಎತ್ತಿಟ್ಟಿದ್ಯಲ್ಲಮ್ಮ. ಬೇಕರಿಯವಳು ಮಣ್ಣು ತಿಂತಾಳಾ?"

"ಇವು ನೀರು ಕುಡಿದುಬಿಡ್ತವೆ ಅತ್ತೆ."

"ಕುಡೀಲಿ ಬಿಡು. ಬಾಯಾರಿರುತ್ತೆ."

ಜೀವಮಾನದಲ್ಲಿ ಅಣಬೆಯನ್ನು ಬಾಯಿಗಿಡದ ಅತ್ತೆಗೆ ಅದರ ಬಾಯಾರಿಕೆ ಮಾತ್ರ ಹೇಗೋ ತಿಳಿದಿತ್ತು.

ಗದ್ದಲ ಕೇಳಿ ಗಂಡ ಎದ್ದು ಬಂದ. ಫೋನಿನಲ್ಲಿ ಒಂದು ವಿಡಿಯೋ ಅರ್ಧ ನೋಡಿದರೆ ಸಾಕು, ಆ ವಿಷಯದಲ್ಲಿ ಜಗತ್ತಿಗೆ ಪಾಠ ಹೇಳಬಲ್ಲೆ ಎಂದು ನಂಬಿದ ಮನುಷ್ಯ. ಗಾಳಿ ಸೋಕುವುದರಿಂದಲೇ ಸಾಮಾನು ಕೆಡುವುದು ಎಂದು ಸಾರಿ, ನೀರು ತೊಟ್ಟಿಕ್ಕುವ ಅಣಬೆಗಳನ್ನೆಲ್ಲ ಪ್ಲಾಸ್ಟಿಕ್ ಡಬ್ಬಿಗೆ ತುರುಕಿದ. ಊರಿಗೆ ಹೊರಟವರು ಪೆಟ್ಟಿಗೆ ಮುಚ್ಚುವ ಹಾಗೆ ಮುಚ್ಚಳದ ಮೇಲೆ ಮೊಣಕೈ ಊರಿ ಅದುಮಿದ.

ಒದ್ದೆ ಅಣಬೆಯನ್ನು ಹೀಗೆ ಮುಚ್ಚಿಟ್ಟರೆ ಬೆವರುತ್ತದೆ ಎಂದಳು.

"ಬೆವರೋಕೆ ಅದೇನು ಆಫೀಸಿಗೆ ಹೋಗುತ್ತಾ?" ಎಂದು ಅವನು ತನ್ನ ಮಾತಿಗೆ ತಾನೇ ನಕ್ಕ.

ಆಫೀಸಿಗೆ ಹೋಗಿಯೂ ಬೆವರದವರನ್ನು ಅವಳು ದಿನವೂ ನೋಡುತ್ತಿದ್ದಳು.

ಊಟವಾದ ಮೇಲೆ ಡಬ್ಬಿ ತೆರೆದರೆ ಒಳಗೆಲ್ಲ ಹಬೆ. ಕೆಲವು ಅಣಬೆ ಕಂದಿ, ಲೋಳೆಯಾಗಿ ಬೆರಳಿಗಂಟಿದವು. ಮಧ್ಯಾಹ್ನದ ಹೊತ್ತಿಗೆ ಪೇಪರ್ ಓದುವ ನೆಪದಲ್ಲಿ ಇಳಿದುಬರುವ ಮಹಡಿ ಮನೆಯ ಮೇಷ್ಟ್ರು ಸರಿಯಾಗಿ ಆಗಲೇ ಬಂದರು. ನಿವೃತ್ತರಾದ ಮೇಲೆ ವಿಜ್ಞಾನ ಕಲಿಸಲು ಮಕ್ಕಳು ಸಿಗದೆ ಅಕ್ಕಪಕ್ಕದ ಹೆಂಗಸರಿಗೇ ಕಲಿಸುತ್ತಿದ್ದವರು. ಡಬ್ಬಿಯನ್ನು ಮೂಸಿ, ಬಿಸಿಲೊಂದೇ ಮದ್ದು ಎಂದು ತೀರ್ಪು ಕೊಟ್ಟು, ಅವಳು ಬೇಡಬೇಡವೆನ್ನುತ್ತಿದ್ದಂತೆಯೇ ಎಲ್ಲವನ್ನೂ ಹೊತ್ತು ತಾರಸಿಗೆ ನಡೆದರು. ಪೇಪರಿನ ಮೇಲೆ ಸಾಲಾಗಿ ಹರವಿ, ಕಾವಲಿಗೆ ಕೂತು, ಕೂತಲ್ಲೇ ತೂಕಡಿಸಿದರು.

ಪಾತ್ರೆ ಬೆಳಗಿಟ್ಟು ಅವಳು ತಾರಸಿಗೆ ಓಡಿದಾಗ, ಪಾರಿವಾಳಗಳು ಪರೀಕ್ಷಾಧಿಕಾರಿಗಳ ಗತ್ತಿನಲ್ಲಿ ಸಾಲುಗಳ ನಡುವೆ ಅಡ್ಡಾಡುತ್ತ, ಒಂದೊಂದನ್ನೇ ಕುಕ್ಕಿ ನಪಾಸು ಮಾಡುತ್ತಿದ್ದವು. ಮೇಷ್ಟ್ರ ಬಾಯಿ ತೆರೆದಿತ್ತು, ಕಣ್ಣು ಮುಚ್ಚಿತ್ತು.

ಹಕ್ಕಿ ಮುಟ್ಟದ, ಲೋಳೆಯಾಗದ ಅಣಬೆಗಳನ್ನು ಅವಳು ಮಡಿಲಿಗೆ ಹಾಕಿಕೊಂಡು ಇಳಿದಳು. ಹೆಚ್ಚಿ, ಎಣ್ಣೆಯಿಲ್ಲದ ಬಾಣಲೆಯಲ್ಲಿ ಹುರಿಯತೊಡಗಿದಳು. ಅತ್ತೆ ಕುಡಿಸಿದ ನೀರನ್ನೆಲ್ಲ ಅವು ಕಕ್ಕಿ ಬಿಗಿಯಾಗುವವರೆಗೆ ಸೌಟು ಕೆಳಗಿಡಲಿಲ್ಲ. ಉಪ್ಪು, ಕಾಳುಮೆಣಸು ಹಾಕಿ, ವಿನಿಗರ್ ಕುದಿಸಿ ಸುರಿದು, ನೀರಲ್ಲಿ ಕುದಿಸಿದ ಬಾಟಲಿಗೆ ತುಂಬಿದಳು. ಎಚ್ಚೆತ್ತು ಇಳಿದುಬಂದ ಮೇಷ್ಟ್ರೂ ಸೇರಿ ಮೂವರೂ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಉರಿ ಜಾಸ್ತಿಯಾಯಿತು, ಕಮ್ಮಿಯಾಯಿತು ಎನ್ನುತ್ತಲೇ ಇದ್ದರು. ಒಬ್ಬರಾದರೂ ಒಂದು ಚಮಚ ಎತ್ತಿಕೊಡಲಿಲ್ಲ.

ಸಂಜೆ ಬೇಕರಿಯವಳು ಬಂದಳು. ಒಂದು ತುಂಡು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಇನ್ನೊಂದು ತಿಂದಳು.

"ಇಂಥದ್ದನ್ನೇ ಹುಡುಕ್ತಾ ಇದ್ದೆ. ಗಟ್ಟಿಯಾಗಿವೆ, ಹುಳಿ ಹದವಾಗಿದೆ. ಯಾರು ಮಾಡಿದ್ದು?"

ಅವಳು ಬಾಯಿ ತೆರೆಯುವ ಮೊದಲೇ ಗಂಡ ಎದೆ ಮುಂದೆ ಮಾಡಿದ. "ನಾವೆಲ್ಲ ಸೇರಿ ಮಾಡಿದ್ದು ಮೇಡಂ. ಗಾಳಿ ಸೋಕದ ಹಾಗೆ ಮುಚ್ಚಿಟ್ಟಿದ್ದು ನಾನು. ಒಬ್ಬರಿಂದ ಆಗೋ ಕೆಲಸವಾ ಇದು?"

ತೊಳೆದದ್ದು ತಾನು ಎಂದರು ಅತ್ತೆ. ಒಣಗಿಸಿದ ವಿಧಾನ ತಮ್ಮದು ಎಂದರು ಮೇಷ್ಟ್ರು.

ಬೇಕರಿಯವಳು ಚಮಚ ಕೆಳಗಿಟ್ಟಳು.

"ಹಾಗಾದ್ರೆ ಬೇಡ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾನು ಯಾರನ್ನ ಕೇಳ್ಲಿ? ತೊಳೆದವರು ಮುಚ್ಚಿದವರನ್ನ ತೋರಿಸ್ತಾರೆ, ಮುಚ್ಚಿದವರು ಒಣಗಿಸಿದವರನ್ನ. ನನಗೆ ಒಬ್ಬರೇ ನಿಂತು ಮಾಡಿದ ಸಾಮಾನು ಬೇಕು."

"ನಾನೊಬ್ಬಳೇ ಮಾಡಿದ್ದು," ಎಂದಳು ಅವಳು.

ಬೇಕರಿಯವಳು ಅವಳನ್ನು ನೋಡಿದಳು, ಉಬ್ಬಿ ನಿಂತಿದ್ದ ಗಂಡನನ್ನು ನೋಡಿದಳು. "ಹಾಗನ್ನಬೇಡಿ ಅಕ್ಕ, ಅವರಿಗೆ ಬೇಜಾರಾಗುತ್ತೆ. ಇಷ್ಟು ಸಹಾಯ ಮಾಡೋರು ಎಲ್ಲರಿಗೂ ಸಿಗಲ್ಲ," ಎಂದು ಚಪ್ಪಲಿ ಮೆಟ್ಟಿ ಹೊರಟಳು.

ಬಾಟಲಿ ಖಾಲಿಯಾಗಲು ಬಹಳ ಹೊತ್ತು ಹಿಡಿಯಲಿಲ್ಲ. ಮೂವರೂ ಬ್ರೆಡ್ಡಿನ ಜೊತೆ ಕೂತರು. ಇನ್ನೊಂದು ನೀರು ತೊಳೆದಿದ್ದರೆ ಆಕೆ ಒಪ್ಪುತ್ತಿದ್ದಳೆಂದು ಅತ್ತೆ, ಇನ್ನೊಂದು ಬಿಸಿಲು ಬೇಕಿತ್ತೆಂದು ಮೇಷ್ಟ್ರು. ಗಂಡ ಬೆರಳು ನೆಕ್ಕುತ್ತ, "ಹೋಗ್ಲಿ ಬಿಡೇ, ಮುಂದಿನ ಸಲ ನಾವು ಇನ್ನೂ ಚೆನ್ನಾಗಿ ಮಾಡೋಣ," ಎಂದ.

ಅವಳು ಖಾಲಿ ಬಾಟಲಿಯನ್ನು ನಲ್ಲಿಯ ಕೆಳಗೆ ಹಿಡಿದಳು. ನಾವು. ಎಷ್ಟು ತುಂಬಿದ ಮನೆ, ಎಷ್ಟೊಂದು ಕೈಗಳು. ನಾಳೆ ಬೆಳಗ್ಗೆ ಹಾಲು ಕಾಯಿಸಲಿ, ತಿಂಡಿಗಿಡಲಿ, ಆಫೀಸಿನ ಡಬ್ಬಿ ಕಟ್ಟಲಿ, ಎಲ್ಲರೂ ಸೇರಿ. ತಿಂಡಿಯ ಘಮ ಮಲಗುವ ಕೋಣೆಯವರೆಗೆ ಬರುವ ತನಕ ತಾನು ಮುಸುಕು ತೆಗೆಯುವುದಿಲ್ಲ.

"ಏನು ಯೋಚನೆ ಮಾಡ್ತಿದ್ದೀಯೇ?" ಎಂದು ಗಂಡ ಕೇಳಿದ.

"ಏನೂ ಇಲ್ಲ ರೀ," ಎಂದು ಅವಳು ಬಾಟಲಿಯನ್ನು ಬೋರಲು ಹಾಕಿದಳು.